ಹಕ್ಕಿಯ ಮೀಸೆ ಬೋಳಿಸಿದ ಕೈ

ಫೋಟೊ ತೆಗೆಯುವುದನ್ನು ಕಲಿಸುವವರು ಈಗ ಬೀದಿಗೊಬ್ಬರಿದ್ದಾರೆ. ತೆಗೆದ ಫೋಟೊವನ್ನು ಏನು ಮಾಡಬಾರದು ಎಂದು ಹೇಳುವವರು ಕಡಿಮೆ. ನಮ್ಮ ಕನ್ನಡ ಸಂಘದ ಸಂಚಿಕೆಯವರು ಮನೆಗೆ ಬಂದು, "ಜಲಜಮ್ಮ, ಇಷ್ಟು ವರ್ಷ ಸ್ಟುಡಿಯೊದಲ್ಲಿ ದುಡಿದಿರಿ, ಹಕ್ಕಿ ಫೋಟೊ ಎಲ್ಲ ತಿದ್ದಿದಿರಿ, ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ" ಎಂದರು. ನಾನು ಓದಿದ್ದು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಬರೆದರೆ ಬೆರಳು ನೋಯುತ್ತದೆ. ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ.

ಈ ಕೆಲಸದಲ್ಲಿ ಕಣ್ಣು ಹಾಳಾಗುತ್ತದೆ, ಸೊಂಟ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆ ಉರಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಪಕ್ಕದ ಮೇಜಿನವಳ ಕೈ ನಿಮ್ಮ ಕೈಗಿಂತ ಒಳ್ಳೆಯದಾಗಿದ್ದರೆ ಅದನ್ನು ದಿನವೂ ನೋಡುತ್ತ ಕೂರಬೇಕು. ಬೇರೆ ದಾರಿಯಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದವಳು ಅಮುದಾ. ಈ ಬರಹದಲ್ಲಿ ಹಕ್ಕಿಗಿಂತ ಅವಳೇ ಹೆಚ್ಚು ಬಂದರೆ ಸಂಚಿಕೆಯವರು ಬೇಕಾದಷ್ಟು ಕತ್ತರಿಸಿಕೊಳ್ಳಲಿ.

ನಮ್ಮದು ಕುಂದಾಪುರದ ಕಡೆ. ನಮ್ಮವರು ಇಲ್ಲಿ, ಈ ತಮಿಳು ಊರಿನ ತ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಗೆ ಇದ್ದರು. ಮದುವೆಯಾಗಿ ಬಂದ ನನಗೆ ಹೋಟೆಲಿನ ಹಿಂದಿನ ಕೋಣೆಯೇ ಮನೆ, ಹಿತ್ತಲಿನಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವುದೇ ಕೆಲಸ. ಎದುರು ಗಲ್ಲಿಯಲ್ಲಿ ಒಂದು ಫೋಟೊ ಸ್ಟುಡಿಯೊ ಇತ್ತು. ಅದರ ಮೊದಲಾಳಿ, ಎಂದರೆ ಯಜಮಾನರು, ದಿನವೂ ಪೊಂಗಲ್ ತಿನ್ನಲು ಬಂದು, ಕೈ ತೊಳೆಯಲು ಹಿತ್ತಲಿಗೆ ಬರುತ್ತಿದ್ದರು. ಒಂದು ದಿನ ನಾನು ಮೊರದಲ್ಲಿ ಬೆರಳಾಡಿಸುವುದನ್ನು ನಿಂತು ನೋಡಿದರು. ಆಮೇಲೆ ನಮ್ಮವರ ಹತ್ತಿರ ಹೋಗಿ ತಮಿಳಿನಲ್ಲಿ, "ಭಟ್ರೇ, ನಿಮ್ಮ ಮನೆಯಮ್ಮನ ಕಣ್ಣು ನನಗೆ ಬೇಕು" ಎಂದರು.

ನಮ್ಮವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಕಣ್ಣಾ? ಎಂತಕ್ಕೆ?"

"ಫೋಟೊದಲ್ಲಿ ಕಲ್ಲು ಆರಿಸಲು."

ಹಾಗೆ ಸೇರಿದೆ. ನಮ್ಮ ಕೆಲಸಕ್ಕೆ ಟಚಿಂಗ್ ಎಂದು ಹೆಸರು. ಆಗ ಕಂಪ್ಯೂಟರ್ ಇಲ್ಲ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತುಂಬಬೇಕು. ಪ್ರಿಂಟು ಬಂದ ಮೇಲೆ ಅದರಲ್ಲಿ ದೂಳು ಕೂತಿದ್ದ ಜಾಗ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಅದಕ್ಕೆ ಸಣ್ಣ ಕುಂಚದಿಂದ ಬಣ್ಣ ಇಡಬೇಕು. ಕುಂಚದ ತುದಿ ಚೂಪಾಗಲು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದೆವು. ಸಂಜೆಗೆ ನಮ್ಮ ನಾಲಿಗೆ ನೋಡಿದರೆ ಯಾರ ಮದುವೆಯ ಸೀರೆ ಯಾವ ಬಣ್ಣವೆಂದು ಹೇಳಬಹುದಾಗಿತ್ತು. ಕಪ್ಪು ಗೆರೆ, ಕೂದಲು ಇದ್ದರೆ ಬ್ಲೇಡಿನ ಮೂಲೆಯಿಂದ ಕೆರೆದು ತೆಗೆಯಬೇಕು. ಕಾಗದ ಹರಿಯಬಾರದು. ನನ್ನ ಕೈಯಿಂದ ಹೊರಟ ಮದುಮಗಳ ಮೇಲ್ದುಟಿಯಲ್ಲಿ ಒಂದು ರೋಮ ಉಳಿದದ್ದಿಲ್ಲ. ತ್ರಿಪ್ಲಿಕೇನಿನ ಎಷ್ಟೋ ಅತ್ತೆಯಂದಿರು ಮೊದಲು ಪಟ ನೋಡಿ ಒಪ್ಪಿ, ಆಮೇಲೆ ಹುಡುಗಿಯನ್ನು ನೋಡಿ ಬೇಜಾರಾಗಿದ್ದರೆ ಅದಕ್ಕೆ ನಾನೇ ಕಾರಣ.

ಕೆಲವು ವರ್ಷಗಳ ಮೇಲೆ ಅಮುದಾ ಬಂದಳು. ಇದೇ ಊರಿನ ರಾಯಪುರಂ ಕಡೆಯವಳು, ನನಗಿಂತ ಚಿಕ್ಕವಳು. ಅದಕ್ಕೆ ಮೊದಲು ಸೀರೆಗೆ ಜರಿ ಕಸೂತಿ ಹಾಕುವಲ್ಲಿ ಇದ್ದಳಂತೆ. ಕುಂಚ ಹಿಡಿಯಲು ಹೇಳಿಕೊಟ್ಟವಳು ನಾನು. ಹೇಳಿಕೊಟ್ಟಷ್ಟು ಕಲಿತು ಸುಮ್ಮನಿದ್ದರೆ ತೊಂದರೆ ಇರಲಿಲ್ಲ. ಅವಳು ನಾನು ಹತ್ತು ಚುಕ್ಕಿ ಇಡುವಲ್ಲಿ ಮೂರು ಇಡುತ್ತಿದ್ದಳು, ಆ ಮೂರರಲ್ಲಿ ಪಟ ಸರಿಯಾಗುತ್ತಿತ್ತು. ಮೊದಲಾಳಿ ಗಿರಾಕಿಗಳ ಎದುರು, "ಅಮುದಾ ಕೈಗೆ ಕೊಡಿ" ಎಂದು ಶುರು ಮಾಡಿದರು. ಅವಳ ಪಟ ಚೆನ್ನಾಗಿ ಬಂದ ದಿನ ನಾನು ಒಂದೇ ಮಾತು ಹೇಳುತ್ತಿದ್ದೆ: "ಬೆಳಕು ಚೆನ್ನಾಗಿತ್ತು, ಅಷ್ಟೇ." ನೀವೂ ಕೇಳುತ್ತೀರಿ ಈ ಮಾತನ್ನು. ಇನ್ನೊಬ್ಬರ ಕೆಲಸ ಚೆನ್ನಾಗಿದೆ ಎನ್ನಲು ನಾಲಿಗೆ ಹೊರಳದವರು ನಮ್ಮ ಕಸುಬಿನಲ್ಲಿ ಇದನ್ನೇ ಹೇಳುವುದು.

ಅವಳು ಮಾತ್ರ ನಕ್ಕು, "ಆಮಾ ಅಕ್ಕಾ, ವೆಳಿಚ್ಚಂ ನಲ್ಲಾ ಇರುಂದದು" ಎಂದು ಒಪ್ಪಿಬಿಡುತ್ತಿದ್ದಳು. ಹೌದಕ್ಕ, ಬೆಳಕು ಚೆನ್ನಾಗಿತ್ತು ಎಂದು. ಜಗಳಕ್ಕೆ ಬಂದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಕೀಲ್ಪಾಕಿನ ಡಾಕ್ಟರಮ್ಮ ನಮ್ಮಲ್ಲಿಗೆ ಬಂದರು. ಮೈಸೂರಿನ ಕಡೆಯವರು. ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರು. ರಜೆ ಸಿಕ್ಕಿದರೆ ಉದ್ದದ ಲೆನ್ಸನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಹಕ್ಕಿಯ ಹಿಂದೆ ಹೋಗುವವರು. ಕೊಕ್ಕರೆ, ಹದ್ದು ಅವರಿಗೆ ಬೇಡ. ಹಿಡಿಯೊಳಗೆ ಅಡಗುವಂಥ ಹಕ್ಕಿಯೇ ಆಗಬೇಕು. "ದೊಡ್ಡದು ತಾನಾಗೇ ಕಾಣತ್ತೆ ಜಲಜಮ್ಮ, ಅದಕ್ಕೆ ನಾನ್ಯಾಕೆ?" ಎನ್ನುತ್ತಿದ್ದರು. ಸ್ಟುಡಿಯೊದಲ್ಲಿ ಕನ್ನಡದವಳು ನಾನೊಬ್ಬಳೇ ಎಂದು ಮೊದಲ ಹಕ್ಕಿಯನ್ನು ನನ್ನ ಕೈಗೇ ಕೊಟ್ಟರು. ಅಮುದಾ ಇಣುಕಿ ನೋಡಿದಳು. ನಾನು ಮೊಣಕೈ ಅಡ್ಡ ಇಟ್ಟೆ.

ಅದು ನೊಣಹಿಡುಕ. ಚಳಿಗಾಲದಲ್ಲಿ ಎಲ್ಲಿಂದಲೋ ಬಂದು ನಮ್ಮ ಮರಗಳಲ್ಲಿ ಕೂರುವ ಕಂದು ಬಣ್ಣದ ಹಕ್ಕಿ, ದೊಡ್ಡ ಕಣ್ಣು. ಪ್ರಿಂಟಿನಲ್ಲಿ ಅದರ ಕೊಕ್ಕಿನ ಬುಡದಲ್ಲಿ ಕೂದಲಿನಂಥ ಗೆರೆಗಳು ಕಂಡವು. ನನಗೆ ಕೂದಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಬ್ಲೇಡಿನಿಂದ ಒಂದೊಂದಾಗಿ ಕೆರೆದು, ಮೇಲೆ ಬಣ್ಣ ಕೊಟ್ಟು, ಕೊಕ್ಕನ್ನು ಮದುಮಗಳ ತುಟಿಯಂತೆ ನುಣ್ಣಗೆ ಮಾಡಿದೆ. ಕಣ್ಣಿನ ಅಂಚಿನಲ್ಲಿ ಒಂದು ಬಿಳಿ ಚುಕ್ಕಿ ಇತ್ತು. ಮನುಷ್ಯರ ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇರಬೇಕೆಂದು ನನಗೆ ಗೊತ್ತಿಲ್ಲದ್ದಲ್ಲ. ಮೆಣಸಿನ ಕಾಳಿನಷ್ಟು ಕಣ್ಣಿಗೂ ಅದು ಬೇಕೆಂದು ಯಾರಿಗೆ ಗೊತ್ತು? ಅದನ್ನೂ ತುಂಬಿದೆ.

ಡಾಕ್ಟರಮ್ಮ ಬಂದು ಪಟ ನೋಡಿದರು. ತಿರುಗಿಸಿ ನೋಡಿದರು.

"ಜಲಜಮ್ಮ, ಇದರ ಮೀಸೆ ಎಲ್ಲಿ?"

"ಯಾರ ಮೀಸೆ?"

"ಹಕ್ಕಿದು ರೀ."

"ಕೂದಲು ಇತ್ತು ಡಾಕ್ಟರಮ್ಮ, ಬಾಯಿಯ ಹತ್ತಿರ. ಅಸಹ್ಯ ಕಾಣ್ತಿತ್ತು. ಬೋಳಿಸಿದೆ."

ಅವರು ಮೇಜು ಹಿಡಿದುಕೊಂಡು ನಕ್ಕರು. ಅವು ನೊಣ ಹಿಡಿಯುವ ಹಕ್ಕಿಗೆ ಹುಟ್ಟಿನಿಂದ ಇರುವ ರೋಮಗಳಂತೆ, ಹಾರಾಡುತ್ತ ಬೇಟೆಯಾಡುವಾಗ ಕಣ್ಣಿಗೆ ಏನೂ ಬಡಿಯದಂತೆ ಕಾಯುತ್ತವಂತೆ. ನಗುತ್ತಲೇ ಪಟದಲ್ಲಿ ಹಕ್ಕಿಯ ಕಣ್ಣಿನ ಹತ್ತಿರ ಬಂದರು. ಅಲ್ಲಿ ನಗು ನಿಂತಿತು.

"ಇಲ್ಲೊಂದು ಬಿಳಿ ಚುಕ್ಕಿ ಇತ್ತಲ್ಲ?"

"ದೂಳು. ತೆಗೆದೆ."

ಅವರು ಪಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನಾನು ಮಲಗಿಸಿದವರು ಮತ್ತೆ ಏಳ್ತಾರೆ ಜಲಜಮ್ಮ. ನೀವು ಮಲಗಿಸಿದ್ದು ಏಳಲ್ಲ."

ಅದೇ ನೆಗೆಟಿವಿನಿಂದ ಇನ್ನೊಂದು ಪ್ರಿಂಟು ಹಾಕಿಸಿ ಅಮುದಾಗೆ ಕೊಟ್ಟರು. ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಹಿಂದಿನ ಖಾಲಿ ಜಾಗದಲ್ಲಿ ಎರಡು ಚುಕ್ಕಿ ಇಟ್ಟಳು, ಕುಂಚ ತೊಳೆದಳು.

"ಅಷ್ಟೇನಾ?" ಎಂದೆ.

"ಅವ್ಳೋದಾನ್ ಅಕ್ಕಾ." ಅಷ್ಟೇ ಎಂದಳು.

ಡಾಕ್ಟರಮ್ಮ ಆ ಪಟವನ್ನು ಕಿಟಕಿಯ ಹತ್ತಿರ ಒಯ್ದು ನಿಂತರು. ಏನೂ ಹೊಗಳಲಿಲ್ಲ. "ಇದು ಹಕ್ಕಿ" ಎಂದರು. ಎರಡೇ ಮಾತು. ಆವತ್ತಿನಿಂದ ನನಗೆ ಬೇಕಾದದ್ದು ಅದೊಂದೇ: ನನ್ನ ಕೈಯ ಪಟ ನೋಡಿ ಡಾಕ್ಟರಮ್ಮ "ಇದು ಹಕ್ಕಿ" ಎನ್ನಬೇಕು, ಅದು ಅಮುದಾಳ ಕಿವಿಗೆ ಬೀಳಬೇಕು. ಅವಳಿಲ್ಲದಾಗ ಹೇಳಿದರೆ ಪ್ರಯೋಜನವಿಲ್ಲ.

ನಮ್ಮ ಮೊದಲಾಳಿಯ ವಿಷಯವನ್ನೂ ಹೇಳಬೇಕು, ಅಂಥವರು ನಿಮಗೂ ಸಿಗುತ್ತಾರೆ. ಒಳ್ಳೆಯ ಮನುಷ್ಯರು, ಆದರೆ ಬಣ್ಣದ ಹುಚ್ಚು. ಒಂದು ವರ್ಷ ಟಿ. ನಗರದ ಒಂದು ಸೀರೆ ಅಂಗಡಿಯವರಿಗೆ ಕ್ಯಾಲೆಂಡರಿಗೆ ಹಕ್ಕಿಯ ಪಟ ಬೇಕಾಗಿತ್ತು. ಡಾಕ್ಟರಮ್ಮ ತಮ್ಮ ಸೂರಕ್ಕಿಯ ಪಟವನ್ನು ಹಾಗೆಯೇ ಕೊಟ್ಟರು. ಹೂವಿನ ಜೇನು ಹೀರುವ ಹೆಬ್ಬೆರಳುದ್ದದ ಹಕ್ಕಿ. ಗಂಡು ಒಂದು ಕಾಲದಲ್ಲಿ ಮಿರಮಿರ ಮಿಂಚುವ ನೇರಳೆ; ಇನ್ನೊಂದು ಕಾಲದಲ್ಲಿ ಹಳದಿ ಹೊಟ್ಟೆ, ಎದೆಯ ನಡುವೆ ಮಾತ್ರ ಒಂದು ಕಪ್ಪು ಪಟ್ಟಿ, ಅರ್ಧ ಬಣ್ಣ ಅದ್ದಿ ಬಿಟ್ಟ ಸೀರೆಯ ಹಾಗೆ. ಪಟದಲ್ಲಿ ಇದ್ದದ್ದು ಅರ್ಧ ಬಣ್ಣದ್ದು. ಮೊದಲಾಳಿ ಅದನ್ನು ನೋಡಿ, "ಇದೇನು, ಡೈ ಮುಗಿದಿಲ್ಲ! ಪೂರ್ತಿ ಮಾಡು" ಎಂದರು.

ಅಷ್ಟು ಹೊತ್ತಿಗೆ ಸ್ಟುಡಿಯೊಗೆ ಕಂಪ್ಯೂಟರ್ ಬಂದಿತ್ತು. ಮೊದಲು ಅಮುದಾಗೆ ಹೇಳಿದರು. ಅವಳು ತಕ್ಷಣ ಹೊಟ್ಟೆ ಹಿಡಿದುಕೊಂಡಳು. "ವಯಿರು ವಲಿ, ಮೊದಲಾಳಿ." ಹೊಟ್ಟೆ ನೋವಂತೆ. ಮನೆಗೆ ಹೋದಳು. ನಾನು ಖುಷಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಇಡೀ ಹಕ್ಕಿಗೆ ನೇರಳೆ ಬಣ್ಣ ಎರೆದೆ. ಅಂಗಡಿಯವರಿಗೆ ತುಂಬ ಹಿಡಿಸಿತು. ಊರೆಲ್ಲ ಗೋಡೆಗಳ ಮೇಲೆ ಅದು ನೇತಾಡಿತು. ಡಾಕ್ಟರಮ್ಮ ಒಂದು ಪ್ರತಿ ಹಿಡಿದುಕೊಂಡು ಬಂದು, ಮೊದಲಾಳಿಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಪಾಪ, ಬಣ್ಣ ಬದಲಿಸೋ ಎರಡು ತಿಂಗಳ ಕೆಲಸ ಅದಕ್ಕೆ ಉಳಿಸಿಬಿಟ್ರಿ" ಎಂದು ಹೊರಟುಹೋದರು. ಮಾರನೆಯ ದಿನ ಅಮುದಾ ಬಂದಳು, ಹೊಟ್ಟೆ ಸರಿಯಾಗಿತ್ತು. ಕೈ ಚೆನ್ನಾಗಿರುವುದು ದೇವರು ಕೊಟ್ಟದ್ದು ಎಂದು ಬಿಡಬಹುದು. ಯಾವಾಗ ಹೊಟ್ಟೆ ನೋಯಿಸಿಕೊಳ್ಳಬೇಕು ಎಂಬುದನ್ನು ಅವಳು ಎಲ್ಲಿ ಕಲಿತಳು? ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಕಂಪ್ಯೂಟರಿನ ಬಗ್ಗೆ ಒಂದಿಷ್ಟು. ಕುಂಚದಲ್ಲಿ ಕೆಡಿಸಿದರೆ ಒಂದು ಪ್ರಿಂಟು ಹೋಗುತ್ತಿತ್ತು. ಆದ್ದರಿಂದ ಭಯವಿತ್ತು. ಕಂಪ್ಯೂಟರಿನಲ್ಲಿ ಹಿಂದೆ ಹೋಗಬಹುದು, ಆದ್ದರಿಂದ ಭಯ ಹೋಯಿತು, ಭಯದ ಜೊತೆ ಬುದ್ಧಿಯೂ ಹೋಯಿತು. ಮಬ್ಬು ಬೆಳಕಿನಲ್ಲಿ ತೆಗೆದ ಪಟದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು ಇರುತ್ತದೆ. ಅದನ್ನು ಒರೆಸಿ ಒರೆಸಿ ನಾನು ಎಷ್ಟು ಹಕ್ಕಿಗಳ ಗರಿಗಳನ್ನು ಮೈದಾ ಹಿಟ್ಟು ಮಾಡಿದ್ದೇನೋ. ಚೂಪು ಮಾಡುವ ಗುಂಡಿ ಇದೆಯೆಂದು ಒತ್ತುತ್ತ ಹೋದರೆ ಹಕ್ಕಿಯ ಸುತ್ತ ಬಿಳಿ ದಾರ ಹೊಲಿದಂತೆ ಕಾಣುತ್ತದೆ. ಕಾಳನ್ನು ಹಿನ್ನೆಲೆಯಲ್ಲಿ ಮಾತ್ರ ಒರೆಸಿ, ಹಕ್ಕಿಯ ಮೈಮೇಲೆ ಬಿಡಿ. ಚೂಪನ್ನು ಕಣ್ಣಿಗೆ, ಕೊಕ್ಕಿಗೆ ಮಾತ್ರ ಕೊಡಿ. ಇದು ಅಮುದಾ ಕಂಡುಹಿಡಿದದ್ದು. ಹೇಳಬಾರದೆಂದಿದ್ದೆ, ನಿಮಗೆ ಉಪಯೋಗವಾಗಲಿ ಎಂದು ಹೇಳಿದೆ. ಈಗಿನ ಸಾಫ್ಟ್‌ವೇರ್ ಮಸುಕಾದ ಹಕ್ಕಿಗೆ ತಾನೇ ಗರಿ ಬರೆದುಕೊಡುತ್ತದಂತೆ. ನೋಡಿದ್ದೇನೆ. ಗರಿ ಚೆನ್ನಾಗಿರುತ್ತದೆ. ಆ ಹಕ್ಕಿಯದಲ್ಲ.

ಡಾಕ್ಟರಮ್ಮ ಒಂದು ಭಾನುವಾರ ಅಮುದಾಳನ್ನು ತಮ್ಮ ಕಾರಿನಲ್ಲಿ ಪಳ್ಳಿಕರಣೆಯ ಜೌಗಿಗೆ ಕರೆದುಕೊಂಡು ಹೋದರು. ಜೀವಂತ ಹಕ್ಕಿ ನೋಡಿದರೆ ಕೈ ಇನ್ನೂ ಸುಧಾರಿಸುತ್ತದೆ ಎಂದು. ಸೋಮವಾರ ಇವಳು ಬಂದು, "ಅಕ್ಕಾ, ಇಷ್ಟು ಸಣ್ಣ ಬಾಯಿಂದ ಎಷ್ಟು ದೊಡ್ಡ ಕೂಗು ಗೊತ್ತಾ" ಎಂದು ಇಡೀ ದಿನ ಹೇಳಿದ್ದೇ ಹೇಳಿದ್ದು. ನಾನು ನೇರ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಸುಧಾರಿಸಿದ ಕೈಯನ್ನು ಕರೆದುಕೊಂಡು ಹೋದಿರಿ. ಸುಧಾರಿಸಬೇಕಾದ್ದು ಯಾವುದು?"

ಅವರು, "ಬನ್ನಿ ಜಲಜಮ್ಮ" ಎಂದರು.

ಹೋದೆ. ನಮ್ಮವರು ಕಟ್ಟಿಕೊಟ್ಟ ಇಡ್ಲಿ, ಗಟ್ಟಿ ಚಟ್ನಿ ಸ್ಟೀಲ್ ಡಬ್ಬಿಯಲ್ಲಿ ತೊಡೆಯ ಮೇಲಿತ್ತು. ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಕಿಟಕಿಯ ಮೇಲೆ ಅಕ್ಕಿ ತುಂಬಿದ ಚೀಲ ಇಟ್ಟು, ಅದರ ಮೇಲೆ ಲೆನ್ಸು ಊರಿ ಕೂರುವುದು. ಕಾರಿನಿಂದ ಇಳಿಯಬಾರದು. ಕಾರನ್ನು ಹಕ್ಕಿ ಲೆಕ್ಕಕ್ಕಿಡುವುದಿಲ್ಲ, ಕಾಲಿರುವವರನ್ನು ಕಂಡರೆ ಹಾರುತ್ತದೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯಬಾರದು, ಗೂಡಿನ ಹತ್ತಿರದ ಎಲೆ ಸರಿಸಬಾರದು. ಇವು ಡಾಕ್ಟರಮ್ಮನ ಕಾನೂನು. ಕೂತೆವು. ಕೂತೇ ಕೂತೆವು. ಹಿಂದಿನಿಂದ ಲಾರಿಗಳು ಗುಡುಗುತ್ತ ಹೋಗುತ್ತಿದ್ದವು. ಕೊನೆಗೂ ಜೊಂಡಿನ ತುದಿಗೆ ಬಾಲ ನಿಮಿರಿಸಿದ ಒಂದು ಹಕ್ಕಿ ಬಂದು ಕೂತಿತು. ನನಗೆ ಹಸಿವೆ. ಡಬ್ಬಿಯ ಮುಚ್ಚಳ ತೆಗೆದೆ. ಟಣ್ ಎಂದಿತು. ಹಕ್ಕಿ ಇಲ್ಲ.

"ಅಷ್ಟು ಲಾರಿಗೆ ಹೆದರದ್ದು ನನ್ನ ಇಡ್ಲಿಗೆ ಹೆದರಿತಾ?" ಎಂದೆ.

ಡಾಕ್ಟರಮ್ಮ ಕ್ಯಾಮೆರಾದಿಂದ ಕಣ್ಣು ತೆಗೆದರು. "ಲಾರಿ ಯಾವಾಗಲೂ ಇರತ್ತೆ ರೀ. ಹಕ್ಕಿ ಸದ್ದಿಗೆ ಹೆದರಲ್ಲ. ಇದ್ದದ್ದು ಬದಲಾದ್ರೆ ಹೆದರತ್ತೆ." ಆಮೇಲೆ ಇಡ್ಲಿಗೆ ಕೈ ಚಾಚಿದರು. "ಕೊಡಿ, ಹೇಗೂ ಹೋಯ್ತಲ್ಲ."

ಮುಂದಿನ ಸಲಕ್ಕೆ ನನ್ನನ್ನು ಕರೆಯಲಿಲ್ಲ. ಅಮುದಾ ಹೋಗುತ್ತಲೇ ಇದ್ದಳು.

ಒಂದು ಸಲ ಕೀಲ್ಪಾಕಿನ ಒಂದು ಸಭಾಂಗಣದಲ್ಲಿ ಡಾಕ್ಟರಮ್ಮನ ಪಟಗಳ ಪ್ರದರ್ಶನ ಎಂದಾಯಿತು. ಬಾಗಿಲಲ್ಲಿ ಇಡುವ ಆಳೆತ್ತರದ ಪಟಕ್ಕೆ ಅವರು ಸಿಂಪಿಗನನ್ನು ಆರಿಸಿದರು. ಎಲೆಗಳನ್ನು ನಾರಿನಿಂದ ಹೊಲಿದು ಗೂಡು ಮಾಡುವ ಪುಟ್ಟ ಹಕ್ಕಿ. ತಲೆ ಇಟ್ಟಿಗೆ ಬಣ್ಣ, ಬೆನ್ನು ಹಸಿರು. ಬಾಯಿ ತೆರೆದು ಕೂಗುತ್ತಿರುವ ಪಟ. "ಇಬ್ಬರೂ ಬೇರೆ ಬೇರೆ ತಿದ್ದಿ ಕೊಡಿ. ಯಾವುದು ಹಕ್ಕಿ ಥರ ಇರತ್ತೋ ಅದು ಬಾಗಿಲಿಗೆ" ಎಂದರು. ನಾನು ಕಾಯುತ್ತಿದ್ದದ್ದು ಇದಕ್ಕೇ. ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಮೀಸೆ ಬಿಟ್ಟೆ. ಕಣ್ಣಿನ ಚುಕ್ಕಿ ಬಿಟ್ಟೆ. ಗರಿಯ ಕಾಳು ಬಿಟ್ಟೆ. ಹಕ್ಕಿಯ ಕುತ್ತಿಗೆಯ ಪಕ್ಕದಲ್ಲಿ ಒಂದು ಕಪ್ಪು ಕಲೆ ಇತ್ತು, ಮಸಿ ತಾಗಿದ ಹಾಗೆ. ನಾನು ಅದರ ಮೇಲೆ ಕೈ ಇಡುವುದನ್ನು ಅಮುದಾ ನೋಡಿದಳು.

"ಅಕ್ಕಾ, ಕಳುತ್ತು ತೊಡಾದೆ." ಕುತ್ತಿಗೆ ಮುಟ್ಟಬೇಡ ಎಂದಳು.

"ಯಾಕೆ?"

"ಅದು ಅಲ್ಲಿ ಇರೋದೇ ಅಕ್ಕಾ. ನಾನು ನೋಡಿದೀನಿ."

ಅವಳ ಪಟದಲ್ಲಿ ಕಲೆ ಹಾಗೇ ಇತ್ತು. ನನಗೆ ಒಳಗೇ ನಗು ಬಂತು. ಕೊನೆಗೂ ಇವಳು ತಪ್ಪಿದಳು, ಈಗ ನಾನೂ ತಪ್ಪಲಿ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಕಲೆಯನ್ನು ಬೆಳ್ಳಗೆ ಮಾಡಿ ಕೊಟ್ಟೆ.

ಸಿಂಪಿಗ ಕೂಗುವಾಗ ಕುತ್ತಿಗೆಯ ಗರಿ ಬಿಚ್ಚಿಕೊಂಡು ಒಳಗಿನ ಕಪ್ಪು ಚರ್ಮ ಕಾಣುತ್ತದೆ. ಬಾಯಿ ಮುಚ್ಚಿದರೆ ಅದೂ ಮುಚ್ಚುತ್ತದೆ. ಡಾಕ್ಟರಮ್ಮ ಎರಡು ಪಟಗಳನ್ನೂ ಅಕ್ಕಪಕ್ಕ ಇಟ್ಟು, ನನ್ನದರ ಕುತ್ತಿಗೆಯ ಮೇಲೆ ಬೆರಳಿಟ್ಟು, "ಇದು ಬಾಯಿ ಮಾತ್ರ ತೆಗೆದಿದೆ ಜಲಜಮ್ಮ, ಕೂಗ್ತಾ ಇಲ್ಲ" ಎಂದರು. ಅಮುದಾಳದು ಬಾಗಿಲಿಗೆ ಹೋಯಿತು. ಆವತ್ತು ನನಗೆ ಬೆಳಕು ಚೆನ್ನಾಗಿತ್ತು ಎನ್ನಲೂ ಆಗಲಿಲ್ಲ. ಎರಡೂ ಒಂದೇ ಪಟ, ಒಂದೇ ಬೆಳಕು. ಪ್ರದರ್ಶನಕ್ಕೆ ನಾನು ಹಿಂದಿನ ಬಾಗಿಲಿನಿಂದ ಹೋಗಿ ಹಿಂದಿನ ಬಾಗಿಲಿನಿಂದ ಬಂದೆ. ಅಲ್ಲಿ ಕೊಟ್ಟ ಬೋಂಡ ಮಾತ್ರ ತಿಂದೆ. ಅದೂ ಎಣ್ಣೆ ಕುಡಿದಿತ್ತು.

ಮೊದಲಾಳಿ ಹೋದ ಮೇಲೆ ಅವರ ಮಗ ಸ್ಟುಡಿಯೊವನ್ನು ಮೊಬೈಲ್ ಅಂಗಡಿ ಮಾಡಿದ. ನಮ್ಮಿಬ್ಬರಿಗೂ ಶಾಲು ಹೊದೆಸಿ ಕಳಿಸಿದ. ನಿವೃತ್ತಿ ಎಂದರೆ ಅದೇ. ಅದಾಗಿ ಸ್ವಲ್ಪ ದಿನಕ್ಕೆ, ಡಾಕ್ಟರಮ್ಮ ಮಂಡಿನೋವು ಹೆಚ್ಚಾಗಿ ಹೊರಗೆ ಹೋಗುವುದನ್ನು ಬಿಟ್ಟು, ತಮ್ಮ ಉದ್ದದ ಲೆನ್ಸು, ಕ್ಯಾಮೆರಾ ಎರಡನ್ನೂ ಅಮುದಾಗೆ ಕೊಟ್ಟುಬಿಟ್ಟರು ಎಂದು ಗೊತ್ತಾಯಿತು. ಅಮುದಾಳೇ ಬಂದು ಹೇಳಿದಳು, ಲೆನ್ಸನ್ನು ಹೊತ್ತುಕೊಂಡೇ ಬಂದಿದ್ದಳು. ನಾನು ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಎರಡು ದಿನ ನಾನು ಊಟ ಮಾಡದಿದ್ದದ್ದನ್ನು ನೋಡಿ ನಮ್ಮವರು, "ನಿಂದು ಎಂತ ಮಾರಾಯ್ತಿ? ಅಳಿಯ ಬಿಟ್ಟುಹೋದ ಕ್ಯಾಮೆರಾ ಕಪಾಟಿನಲ್ಲಿ ಬೂಸ್ಟು ಹಿಡಿತಾ ಉಂಟಲ್ಲ, ನೀನೂ ತೆಗಿ" ಎಂದರು.

"ಯಾವ ಕಾಡಿಗೆ ಹೋಗಿ ತೆಗೆಯಲಿ? ನನಗೆ ಕಾರುಂಟಾ?"

"ಕಾಡಿಗೆ ಎಂತಕ್ಕೆ? ನಮ್ಮ ಹಿತ್ತಲಿನ ಕರಿಬೇವಿನಲ್ಲಿ ದಿನಾ ಒಂದು ಚೀರ್ತದೆ. ಕಿವಿ ಉಂಟಾ ನಿನಗೆ?"

ಹೋಟೆಲಿನ ಹಿತ್ತಲಿನಲ್ಲಿ ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟ ಕರಿಬೇವು ಆಳೆತ್ತರ ಬೆಳೆದಿತ್ತು. ಪಕ್ಕದಲ್ಲಿ ತೊಳೆದ ಲೋಟಗಳ ಸಾಲು, ಬಾಳೆ ಎಲೆಯ ಕಟ್ಟು, ಆಚೆ ಗೋಡೆ. ಚೀರುತ್ತಿದ್ದದ್ದು ಸಿಂಪಿಗ. ಅಷ್ಟು ವರ್ಷ ಅಲ್ಲೇ ಅಕ್ಕಿ ಆರಿಸಿದ್ದೇನೆ, ತಲೆಯೆತ್ತಿ ನೋಡಿರಲಿಲ್ಲ.

ಅಳಿಯನ ಕ್ಯಾಮೆರಾದ ಲೆನ್ಸು ಗಿಡ್ಡ. ಹಕ್ಕಿ ತೀರ ಹತ್ತಿರ ಬರಬೇಕು. ಕವುಚಿ ಹಾಕಿದ ಪಾತ್ರೆಯ ಮೇಲೆ ಕೂತೆ. ಬರುತ್ತಿತ್ತು, ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಹಾರುತ್ತಿತ್ತು. ಬಹಳ ದಿನ ಹೀಗೇ ಆಯಿತು. ಕೆಲಸದವರೆಲ್ಲ ನನ್ನನ್ನು ಸುತ್ತಿಕೊಂಡು ಹೋಗಲು ಕಲಿತರು. ಆಮೇಲೆ ಒಂದು ದಿನ ಗಮನಿಸಿದೆ: ಒಳಗೆ ಹಿಟ್ಟು ರುಬ್ಬುವ ಗ್ರೈಂಡರ್ ಓಡುತ್ತಿರುವಾಗ ಹಕ್ಕಿ ಕೂತೇ ಇರುತ್ತದೆ, ಜೋರಾಗಿ ಕೂಗುತ್ತದೆ ಕೂಡ. ಗ್ರೈಂಡರ್ ನಿಂತ ಕ್ಷಣ ಹಾರುತ್ತದೆ. ನಾನು ಆವರೆಗೆ, ಸದ್ದು ಕಡಿಮೆಯಾಗಲಿ ಎಂದು ಗ್ರೈಂಡರ್ ನಿಲ್ಲುವುದನ್ನೇ ಕಾದು ಕ್ಯಾಮೆರಾ ಎತ್ತುತ್ತಿದ್ದೆ. ಆಗ ಡಾಕ್ಟರಮ್ಮನ ಲಾರಿಯ ಮಾತು ನೆನಪಾಯಿತು.

ನಮ್ಮವರು ಅಡುಗೆ ಬಿಟ್ಟಿದ್ದರೂ ದಿನವೂ ಹೋಗಿ ಗ್ರೈಂಡರಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದರು. "ನಾನು ಹೇಳುವವರೆಗೆ ನಿಲ್ಲಿಸಬೇಡಿ" ಎಂದೆ.

"ಉದ್ದು ಆಗಲೇ ನುಣ್ಣಗಾಯ್ತು ಜಲಜಾ."

"ಆಗಲಿ."

"ಬೆಣ್ಣೆ ಆಯ್ತು!"

"ಆಗಲಿ ಅಂದೆ."

"ಹೋಟೆಲ್ ಸಾಹುಕಾರ್ರು ಕೇಳಿದ್ರೆ ಹಕ್ಕಿಗೆ ರುಬ್ಬಿದ್ದು ಅಂತ ಹೇಳುದಾ?"

ನಾನು ಕ್ಯಾಮೆರಾ ಕಣ್ಣಿಗೆ ಏರಿಸಿದೆ. ಸಿಂಪಿಗ ಮುಂದಿನ ಕಡ್ಡಿಗೆ ಬಂದು, ಗ್ರೈಂಡರಿಗೆ ಪೈಪೋಟಿ ಕೊಡುವ ಹಾಗೆ ಬಾಯಿ ಅಗಲಿಸಿ ಕೂಗಿತು. ಗರಿ ಬಿಚ್ಚಿತು. ಕಪ್ಪು ಕಂಡಿತು. ಒತ್ತಿದೆ.

ಪ್ರಿಂಟು ಹಾಕಿಸಿ ತಂದೆ. ಕಣ್ಣಿನಲ್ಲಿ ಚುಕ್ಕಿ ಇತ್ತು, ಎರಡು ಕಟ್ಟಡಗಳ ನಡುವಿನ ಆಕಾಶ ಅದರಲ್ಲಿ ಬಿದ್ದಿತ್ತು. ಹಿಂದೆ ಲೋಟಗಳೆಲ್ಲ ಮಸುಕಾಗಿ ಬೆಳ್ಳಿಯ ಬಿಲ್ಲೆಗಳಾಗಿದ್ದವು. ನನ್ನ ಕೈ ಅಭ್ಯಾಸಬಲದಿಂದ ಕುಂಚ ಹುಡುಕಿತು. ತೆಗೆಯಲು ಏನಾದರೂ ಇದೆಯೇ ಎಂದು ಬೆಳಗಿನಿಂದ ಊಟದವರೆಗೆ ನೋಡಿದೆ. ಇರಲಿಲ್ಲ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಅಮುದಾ ಪ್ರತಿ ವಾರ ತನ್ನ ಪಟಗಳನ್ನು ಡಾಕ್ಟರಮ್ಮನಿಗೆ ತೋರಿಸಲು ಕೀಲ್ಪಾಕಿಗೆ ಹೋಗುವ ದಿನ ನನಗೆ ಗೊತ್ತಿತ್ತು. ಅದೇ ದಿನ ಹೋದೆ. ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಕುಶಲ ಗಿಶಲ ಏನೂ ಕೇಳದೆ ಪಟವನ್ನು ಮೇಜಿನ ಮೇಲಿಟ್ಟೆ.

ಡಾಕ್ಟರಮ್ಮ ಕನ್ನಡಕ ಬದಲಿಸಿ ನೋಡಿದರು. ಎದ್ದು, ಮಂಡಿ ಹಿಡಿದುಕೊಂಡು ಕಿಟಕಿಯವರೆಗೆ ನಡೆದರು. ಬೆಳಕಿಗೆ ಹಿಡಿದರು.

"ಯಾರು ತೆಗೆದದ್ದು?"

"ನಾನು."

"ಯಾರು ತಿದ್ದಿದ್ದು?"

"ಯಾರೂ ಇಲ್ಲ."

ಅವರು ಕಿಟಕಿಯಿಂದ ತಿರುಗಿದರು. "ಇದು ಹಕ್ಕಿ" ಎಂದರು.

ಅಮುದಾ ಲೋಟ ಕೆಳಗಿಟ್ಟಳು. ಪಟ ಈಸಿಕೊಂಡಳು. ಚೀಲದಿಂದ ಆ ಹಳೆಯ ಭೂತಗನ್ನಡಿ ತೆಗೆದು ಮೂಲೆಯಿಂದ ಮೂಲೆಗೆ ಹುಡುಕಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತು: ಕೈ ಆಡಿಸಿದ ಗುರುತು. ಕುತ್ತಿಗೆಯ ಹತ್ತಿರ ಬಹಳ ಹೊತ್ತು ನಿಂತಳು. ಕಣ್ಣಿನ ಹತ್ತಿರ ನಿಂತಳು. ಲೋಟಗಳ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಪಟವನ್ನು ನನ್ನ ಕಡೆ ತಳ್ಳಿ, ಗೋಡೆ ನೋಡುತ್ತ ಹೇಳಿದಳು:

"ವೆಳಿಚ್ಚಂ ನಲ್ಲಾ ಇರುಂದದು. ಅವ್ಳೋದಾನ್."

ಬೆಳಕು ಚೆನ್ನಾಗಿತ್ತು, ಅಷ್ಟೇ.

ಈ ಸಲ ಅವಳು ನಗಲಿಲ್ಲ. ಅವಳ ಕಾಫಿಯ ಮೇಲೆ ಕೆನೆ ಕಟ್ಟಿತು. ಡಾಕ್ಟರಮ್ಮ ನನಗೂ ಒಂದು ಲೋಟ ತರಿಸಿದರು. ನಾನು ನಿಧಾನವಾಗಿ ಆರಿಸಿ ಆರಿಸಿ ಪೂರ್ತಿ ಕುಡಿದು, ಇನ್ನರ್ಧ ಲೋಟ ಕೇಳಿದೆ.